ಗೆದ್ದವರ ಮೇಲೆ ಬಿದ್ದ ಕಾನೂನು



ಹಾಸ್ಟೆಲಿನಿಂದ ಸಂಜೆ ಚೆಂಡು ಹಿಡಿದು ಹೊರಟ ಹುಡುಗನಿಗೆ ಬುದ್ಧಿ ಹೇಳುವವರು ಎರಡು ಥರ. ಒಬ್ಬರು, 'ನಿಮ್ಮಪ್ಪ ಕೂಲಿ ಮಾಡಿ ಓದೋಕೆ ಕಳ್ಸಿದಾನೆ, ನೀನು ಚೆಂಡು ಒದೀತಾ ನಿಂತಿದೀಯಲ್ಲೋ' ಅನ್ನುವವರು. ಇವರು ನಮ್ಮವರೇ, ಹೊಟ್ಟೆಯ ಸಂಕಟದಿಂದ ಹೇಳುತ್ತಾರೆ. ಇನ್ನೊಬ್ಬರು, 'ಮೈದಾನದಲ್ಲಿ ಜಾತಿ ಇಲ್ಲ ಕಣ್ರಯ್ಯ, ಚೆನ್ನಾಗಿ ಆಡಿದ್ರೆ ಎಲ್ರೂ ಚಪ್ಪಾಳೆ ಹೊಡೀತಾರೆ' ಅನ್ನುವವರು. ಇವರು ಸಾಮಾನ್ಯವಾಗಿ ಟೌನಿನ ದೊಡ್ಡ ಬೀದಿಯವರು. ಮೊದಲನೆಯವರಿಗೆ ಆಟ ಅಂದ್ರೆ ಹಾಳು. ಎರಡನೆಯವರಿಗೆ ಆಟ ಅಂದ್ರೆ ರಾಮರಾಜ್ಯ. ಎರಡೂ ಸರಿಯಿಲ್ಲ ಅಂತ ನಾವು ಹೇಳುತ್ತೇವೆ. ಬರೀ ಬಾಯಿಮಾತಿಗೆ ಹೇಳುತ್ತಿಲ್ಲ. ಒಬ್ಬ ಕಾಲೇಜು ಫುಟ್ಬಾಲ್ ಕೋಚ್ ಹತ್ತು ವರ್ಷ ಏನು ಮಾಡಿದರು, ಅವರಿಗೆ ಏನು ಮಾಡಿದರು ಅನ್ನೋದನ್ನು ಮುಂದಿಟ್ಟು ಹೇಳುತ್ತೇವೆ.

ಅವರ ಹೆಸರು ಲಿಂಕನ್ ಫಿಲಿಪ್ಸ್. 1941ರಲ್ಲಿ ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಟ್ರಿನಿಡಾಡ್ ಅಂದ ತಕ್ಷಣ ನಮ್ಮ ಹುಡುಗರಿಗೆ ಕ್ರಿಕೆಟ್ ನೆನಪಾಗುತ್ತದೆ. ಅದು ಗುಲಾಮರ ಬೆವರಿನಲ್ಲಿ ಕಬ್ಬು ಬೆಳೆದ ನೆಲ. ಗುಲಾಮಗಿರಿ ನಿಂತ ಮೇಲೆ, 1845ರಿಂದ ಮುಂದಕ್ಕೆ, ನಮ್ಮ ದೇಶದಿಂದಲೂ ಬಡವರನ್ನು ಕರಾರು ಕೂಲಿಗಳಾಗಿ ಹಡಗಿನಲ್ಲಿ ತುಂಬಿ ಅಲ್ಲಿಗೆ ಸಾಗಿಸಿದರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯಬೇಕು. ಫಿಲಿಪ್ಸ್ ಗೋಲ್‌ಕೀಪರ್. 1967ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಟ್ರಿನಿಡಾಡ್ ತಂಡ ಕಂಚು ಗೆದ್ದಾಗ ಗೋಲಿನ ಮುಂದೆ ನಿಂತಿದ್ದವರು. 1968ರಲ್ಲಿ ಹೊಟ್ಟೆಪಾಡಿಗೆ ಅಮೆರಿಕಾಕ್ಕೆ ಬಂದು ಮೊದಲು ಬಾಲ್ಟಿಮೋರ್ ಬೇಸ್, ಆಮೇಲೆ ವಾಷಿಂಗ್ಟನ್ ಡಾರ್ಟ್ಸ್ ಅನ್ನುವ ವೃತ್ತಿ ತಂಡಗಳಿಗೆ ಆಡಿದರು. ಡಾರ್ಟ್ಸ್‌ನಲ್ಲಿ ಆಡುವುದರ ಜೊತೆಗೆ ತಂಡದ ಕೋಚ್ ಕೂಡಾ ಆದರು. ಅಮೆರಿಕದ ವೃತ್ತಿ ಫುಟ್ಬಾಲಿನಲ್ಲಿ ಒಬ್ಬ ಕರಿಯ ಮುಖ್ಯ ಕೋಚ್ ಆದದ್ದು ಅದೇ ಮೊದಲು.

ಅವರು ಬಂದ ವರ್ಷ ಯಾವುದು ನೋಡಿ. 1968. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್‌ರನ್ನು ಗುಂಡಿಟ್ಟು ಕೊಂದರು. ವಾಷಿಂಗ್ಟನ್‌ನ ಕರಿಯರ ಬೀದಿಗಳು ಹೊತ್ತಿ ಉರಿದವು. ಅದಕ್ಕೆ ಸ್ವಲ್ಪ ದಿನ ಮುಂಚೆ, ಮಾರ್ಚ್ ತಿಂಗಳಲ್ಲಿ, ಅದೇ ಊರಿನ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಡಳಿತ ಕಟ್ಟಡಕ್ಕೆ ನುಗ್ಗಿ ಕೂತಿದ್ದರು. ನಮ್ಮ ಜನರ ಚರಿತ್ರೆ ನಮಗೆ ಕಲಿಸಿ, ವಿಶ್ವವಿದ್ಯಾಲಯ ನಡೆಸೋದರಲ್ಲಿ ನಮಗೂ ಮಾತು ಬೇಕು ಅನ್ನೋದು ಅವರ ಬೇಡಿಕೆ. ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕದ ಕಟ್ಟೆಯ ಮೇಲೆ ಮುಷ್ಟಿ ಎತ್ತಿ ನಿಂತರು. 'ಆಟದಲ್ಲಿ ರಾಜಕೀಯ ತರಬಾರದು' ಅಂತ ಅವರಿಬ್ಬರನ್ನೂ ಮನೆಗೆ ಕಳಿಸಿದರು. ಅವರು ಓಡಿ ಗೆದ್ದ ತನಕ ರಾಜಕೀಯ ಇರಲಿಲ್ಲವಂತೆ, ಕೈ ಎತ್ತಿದ ತಕ್ಷಣ ಬಂತಂತೆ.

ಹೋವರ್ಡ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಅಂತರ್ಯುದ್ಧ ಮುಗಿದ ಮೇಲೆ 1867ರಲ್ಲಿ, ಬಿಡುಗಡೆಯಾದ ಗುಲಾಮರ ಮಕ್ಕಳು ಓದಲಿ ಅಂತ ಕಟ್ಟಿದ್ದು. ಬಿಳಿಯರ ಕಾಲೇಜುಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಕಪ್ಪು ಜನರ ವಕೀಲರು, ಡಾಕ್ಟರುಗಳು, ಮೇಷ್ಟ್ರುಗಳು ಇಲ್ಲಿಂದ ಹೊರಟರು. ಶಾಲೆಗಳಲ್ಲಿ ಬಣ್ಣಭೇದ ಮಾಡುವಂತಿಲ್ಲ ಅಂತ 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ವಕೀಲ ಥರ್ಗುಡ್ ಮಾರ್ಷಲ್ ಇಲ್ಲಿಯವರು. 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಾಧೀಶರಾದರು. ಟ್ರಿನಿಡಾಡ್‌ನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಇಲ್ಲಿ ಪಾಠ ಮಾಡಿದವರು. ಟ್ರಿನಿಡಾಡ್‌ನಲ್ಲೇ ಹುಟ್ಟಿದ ಸ್ಟೋಕ್ಲಿ ಕಾರ್ಮೈಕಲ್ ಇಲ್ಲಿ ಓದಿ, 1966ರಲ್ಲಿ 'ಬ್ಲ್ಯಾಕ್ ಪವರ್' ಅನ್ನುವ ಕೂಗನ್ನು ಅಮೆರಿಕಾ ತುಂಬಾ ಹಬ್ಬಿಸಿದ. ಅದೇ ವರ್ಷ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿತು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅವರನ್ನು ನೋಡಿಯೇ. ಇನ್ನೂ ಹಿಂದಕ್ಕೆ ಹೋದರೆ, 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದಿದ್ದರು. ಹಾಗಾಗಿ ಈ ಫುಟ್ಬಾಲ್ ಕೋಚ್ ನಮಗೆ ತೀರಾ ಹೊರಗಿನವರೇನಲ್ಲ, ದೂರದ ನೆಂಟರು.

1970ರಲ್ಲಿ ಫಿಲಿಪ್ಸ್ ಹೋವರ್ಡ್ ತಂಡದ ಕೋಚ್ ಆದರು. ಕೋಚ್ ಆಗಿದ್ದುಕೊಂಡೇ ತಾವೂ ಅಲ್ಲಿ ಓದಿ ಡಿಗ್ರಿ ಪಡೆದರು ಅನ್ನೋದನ್ನು ಗಮನಿಸಬೇಕು. ಬೆಳಿಗ್ಗೆ ಕ್ಲಾಸಿನಲ್ಲಿ ವಿದ್ಯಾರ್ಥಿ, ಸಂಜೆ ಮೈದಾನದಲ್ಲಿ ಮೇಷ್ಟ್ರು. 'ಆಟವೋ ಓದೋ ಒಂದನ್ನು ಆರಿಸಿಕೋ' ಅನ್ನುವ ನಮ್ಮ ಹಿರಿಯರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಲಿ.

ಅಮೆರಿಕದ ಕರಿಯ ಹುಡುಗರು ಆಗ ಹೆಚ್ಚಾಗಿ ಆಡುತ್ತಿದ್ದದ್ದು ಬ್ಯಾಸ್ಕೆಟ್‌ಬಾಲ್, ಇಲ್ಲಾ ಅವರದೇ ಆದ ಅಮೆರಿಕನ್ ಫುಟ್ಬಾಲ್. ನಮ್ಮ ಫುಟ್ಬಾಲಿಗೆ ಅಲ್ಲಿ ಸಾಕರ್ ಅಂತಾರೆ. ಅದನ್ನು ಆಡೋಕೆ ಹೋವರ್ಡ್‌ನಲ್ಲಿ ಇದ್ದವರು ಟ್ರಿನಿಡಾಡ್, ಜಮೈಕಾ, ಬರ್ಮುಡಾ, ನೈಜೀರಿಯಾ, ಗಿನಿ, ಹೀಗೆ ದ್ವೀಪಗಳಿಂದ ಮತ್ತು ಆಫ್ರಿಕಾದಿಂದ ಓದಲು ಬಂದ ಹುಡುಗರು. ಒಬ್ಬೊಬ್ಬನದು ಒಂದೊಂದು ಮಾತು, ಒಂದೊಂದು ಊಟ, ಒಂದೊಂದು ಥರದ ಆಟ. ದ್ವೀಪದವರಿಗೂ ಆಫ್ರಿಕಾದವರಿಗೂ ಅಷ್ಟಕ್ಕಷ್ಟೇ. ಇಬ್ಬರಿಗೂ ಅಮೆರಿಕದ ಕರಿಯರ ಜೊತೆ ಇನ್ನೂ ದೂರ. ಬಿಳಿಯರಿಗೆ ಮಾತ್ರ ಇವರೆಲ್ಲ ಒಂದೇ ಬಣ್ಣ. ಫಿಲಿಪ್ಸ್ ಅವರ ದೊಡ್ಡ ಕೆಲಸ ಇಲ್ಲಿದೆ ಅಂತ ನಮಗೆ ಕಾಣುತ್ತದೆ. ನೀವು ಆಡ್ತಿರೋದು ಒಂದು ಕಾಲೇಜಿಗಾಗಿ ಅಷ್ಟೇ ಅಲ್ಲ, ಜಗತ್ತಿನ ಕಪ್ಪು ಜನ ಎಲ್ಲರಿಗಾಗಿ ಅನ್ನುವ ಮಾತನ್ನು ಆ ಹುಡುಗರ ತಲೆಯಲ್ಲಿ ಕೂರಿಸಿದರು. ಬೇರೆಬೇರೆ ದೇಶದ ಹುಡುಗರ ನಡುವಿನ ದೂರವನ್ನು ಅಳಿಸಿ ತಂಡ ಕಟ್ಟೋದು ಅಂದ್ರೆ ಚೆಂಡು ಪಾಸ್ ಮಾಡೋದನ್ನು ಕಲಿಸಿದಷ್ಟು ಸುಲಭ ಅಲ್ಲ.

ಇದನ್ನು ಓದುವಾಗ ನಮ್ಮ ಹಾಸ್ಟೆಲ್‌ಗಳು ಕಣ್ಣಮುಂದೆ ಬರುತ್ತವೆ. ಹೊರಗಡೆಯವರು ನಮ್ಮನ್ನೆಲ್ಲಾ ಒಂದೇ ಹೆಸರಿನಿಂದ ಕರೆದು ದೂರ ಇಡುತ್ತಾರೆ. ಒಳಗಡೆ ನೋಡಿದರೆ ಎಡಗೈನವರದು ಒಂದು ರೂಮು, ಬಲಗೈನವರದು ಇನ್ನೊಂದು ರೂಮು. ವಾಲಿಬಾಲ್ ಕಂಬ ನೆಟ್ಟರೆ ಟೀಮು ಕೂಡಾ ಹಾಗೇ ಬೇರೆಯಾಗುತ್ತದೆ. ಎಲ್ಲಾ ಕಡೆ ಹೀಗೆ ಅಂತ ನಾವು ಹೇಳಲ್ಲ. ಹೀಗಿರುವ ಕಡೆ ಈ ಪತ್ರಿಕೆ ಕೊಳ್ಳುವ ಹುಡುಗರೂ ಇದ್ದಾರೆ ಅನ್ನೋದು ನಮಗೆ ಗೊತ್ತು. ಅವರು ಫಿಲಿಪ್ಸ್ ಬಗ್ಗೆ ಇನ್ನೊಂದು ಸಲ ಓದಲಿ.

ಮೊದಲ ವರ್ಷವೇ, 1970ರಲ್ಲಿ, ಹೋವರ್ಡ್ ತಂಡ ದೇಶದ ಕಾಲೇಜು ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ತನಕ ಹೋಯಿತು. 1971ರಲ್ಲಿ ಒಂದೂ ಪಂದ್ಯ ಸೋಲದೆ ಫೈನಲಿಗೆ ಬಂತು. ಎದುರಿಗೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. ಅದು ಆಗಿನ ಕಾಲಕ್ಕೆ ಕಾಲೇಜು ಫುಟ್ಬಾಲಿನ ದೊಡ್ಡ ಗೌಡರ ಮನೆ ಇದ್ದಂತೆ. 1969, 1970 ಎರಡೂ ವರ್ಷ ಅವರೇ ಗೆದ್ದಿದ್ದರು. ಹುಡುಗರು ಹೆಚ್ಚಿನವರು ಅದೇ ಊರಿನ ಚರ್ಚ್ ಲೀಗ್‌ಗಳಲ್ಲಿ ಆಡಿ ಬೆಳೆದ ಬಿಳಿಯರು. ಡಿಸೆಂಬರ್ 30ರಂದು ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಹೋವರ್ಡ್ 3-2ರಿಂದ ಗೆದ್ದಿತು. ಕಪ್ಪು ಜನರ ವಿಶ್ವವಿದ್ಯಾಲಯವೊಂದು ಮೇಲ್ದರ್ಜೆಯ ಕಾಲೇಜು ಕ್ರೀಡೆಯಲ್ಲಿ, ಯಾವುದೇ ಆಟ ಇರಲಿ, ದೇಶದ ಚಾಂಪಿಯನ್ ಆದದ್ದು ಅದೇ ಮೊದಲನೇ ಸಲ.

ಆಮೇಲೆ ಕಡತ ಬಿಚ್ಚಿತು.

ಅಮೆರಿಕದ ಕಾಲೇಜು ಆಟಗಳನ್ನೆಲ್ಲಾ ಆಳುವ ಸಂಘಕ್ಕೆ ಎನ್.ಸಿ.ಎ.ಎ. ಅಂತಾರೆ. 1973ರ ಆರಂಭದಲ್ಲಿ ಅದು ತೀರ್ಪು ಕೊಟ್ಟಿತು. ಹೋವರ್ಡ್‌ನ ಕೆಲವು ಆಟಗಾರರಿಗೆ ಆಡುವ ಅರ್ಹತೆ ಇರಲಿಲ್ಲ, ಆದ್ದರಿಂದ 1971ರ ಪ್ರಶಸ್ತಿ ರದ್ದು, ಮುಂದಿನ ಚಾಂಪಿಯನ್‌ಷಿಪ್‌ಗೆ ಒಂದು ವರ್ಷ ಪ್ರವೇಶ ಇಲ್ಲ. ಗೆದ್ದು ಒಂದು ವರ್ಷ ಕಳೆದ ಮೇಲೆ ಕಪ್ ವಾಪಸ್ ಕೊಡಿ ಅಂದರು.

ಯಾವ ಕಾನೂನು ಅಂತ ಬಿಡಿಸಿ ನೋಡೋಣ. ಅರ್ಜಿ ತುಂಬಿ, ಸರ್ಟಿಫಿಕೇಟು ಹಚ್ಚಿ, ಗುಮಾಸ್ತನ ಮುಂದೆ ನಿಂತು ಅಭ್ಯಾಸ ಇರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಮೊದಲನೆಯದು ವಿದೇಶಿ ವಿದ್ಯಾರ್ಥಿ ನಿಯಮ. ಹೊರದೇಶದ ಹುಡುಗನೊಬ್ಬ 19 ವರ್ಷ ತುಂಬಿದ ಮೇಲೆ ತನ್ನ ಊರಿನಲ್ಲಿ ಕ್ಲಬ್ಬಿಗೆ ಆಡಿದ್ದರೆ, ಆಡಿದ ಒಂದೊಂದು ವರ್ಷಕ್ಕೂ ಕಾಲೇಜಿನಲ್ಲಿ ಆಡುವ ಒಂದೊಂದು ವರ್ಷ ಕಳೆಯಬೇಕು. ಈಗ ಯೋಚನೆ ಮಾಡಿ. ಬಡವರ ಮನೆಯ ಹುಡುಗ ಸ್ಕೂಲು ಮುಗಿಸಿ ನೇರ ಅಮೆರಿಕದ ಕಾಲೇಜಿಗೆ ಹೋಗೋಕೆ ಆಗ್ತದಾ? ಮೂರು ನಾಲ್ಕು ವರ್ಷ ದುಡೀತಾನೆ, ದುಡ್ಡು ಕೂಡಿಸ್ತಾನೆ, ಸಂಜೆ ಊರಿನ ಕ್ಲಬ್ಬಿಗೆ ಆಡ್ತಾನೆ. ಇಪ್ಪತ್ತೆರಡಕ್ಕೆ ಕಾಲೇಜಿಗೆ ಬಂದರೆ, ನಿನ್ನ ಆಟದ ವರ್ಷಗಳು ಆಗಲೇ ಖರ್ಚಾದವು ಅಂತಾರೆ. ಈ ನಿಯಮ ಇದ್ದದ್ದು ಹೊರದೇಶದವನಿಗೆ. ಅಮೆರಿಕದ ಹುಡುಗ ತನ್ನ ಊರಿನಲ್ಲಿ ಅಷ್ಟೇ ವರ್ಷ ಆಡಿ ಬಂದರೆ ಅದು ಲೆಕ್ಕಕ್ಕಿಲ್ಲ.

ಎರಡನೆಯದು 1.600 ನಿಯಮ. ಹುಡುಗ ಕಾಲೇಜಿನಲ್ಲಿ ಇಷ್ಟು ಮಾರ್ಕು ತೆಗೆಯಬಲ್ಲ ಅಂತ ಪ್ರವೇಶ ಪರೀಕ್ಷೆಯ ಅಂಕದಿಂದ ಮುಂಚೆಯೇ ಲೆಕ್ಕ ಹಾಕಿ ತೋರಿಸಬೇಕು. ಕಾಲೇಜಿಗೆ ಬಂದ ಮೇಲೆ ಅವನು ನಿಜಕ್ಕೂ ಎಷ್ಟು ತೆಗೆದ ಅನ್ನೋದಕ್ಕಿಂತ, ಬರುವ ಮುಂಚೆ ಕಾಗದದ ಮೇಲೆ ಎಷ್ಟು ತೆಗೆಯುವಂತೆ ಕಂಡ ಅನ್ನೋದು ಮುಖ್ಯ. ಮೂರನೆಯದು ಐದು ವರ್ಷದ ನಿಯಮ. ಮೊದಲ ಸಲ ಯಾವುದಾದರೂ ಕಾಲೇಜಿಗೆ ಸೇರಿದ ದಿನದಿಂದ ಐದು ವರ್ಷದೊಳಗೆ ಆಟ ಮುಗಿಸಬೇಕು. ಫೀಸಿಗೆ ದುಡ್ಡಿಲ್ಲದೆ ನಡುವೆ ಓದು ಬಿಟ್ಟು ಮತ್ತೆ ಸೇರಿದವನ ಗತಿ ಏನು ಅಂತ ನೀವೇ ಊಹಿಸಿ.

ಈ ನಿಯಮಗಳಲ್ಲಿ ಎಲ್ಲೂ 'ಕರಿಯ' ಅನ್ನುವ ಪದ ಇಲ್ಲ. ನಮ್ಮಲ್ಲೂ ಸ್ಕಾಲರ್‌ಷಿಪ್ ನಿಯಮಗಳಲ್ಲಿ ಎಲ್ಲೂ 'ಇವರಿಗೆ ಕೊಡಬೇಡಿ' ಅಂತ ಬರೆದಿರಲ್ಲ. ಕಾಗದ ಸರಿಯಿಲ್ಲ, ತಾರೀಖು ಮುಗಿದಿದೆ, ಹೆಸರಿನ ಒಂದು ಅಕ್ಷರ ಆಧಾರ್ ಕಾರ್ಡಿಗೆ ತಾಳೆಯಾಗಲ್ಲ, ಅಪ್ಪನ ಸಹಿ ಬದಲು ಹೆಬ್ಬೆಟ್ಟಿದೆ, ಅಷ್ಟೇ.

ಹೋವರ್ಡ್ ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋಯಿತು. ಆಟದ ಕಪ್ಪಿಗಾಗಿ ಒಂದು ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತಾ ಅಂತ ಕೆಲವರು ನಗಬಹುದು. ಕಪ್ಪಿಗಿಂತ ಮಾನದ ಪ್ರಶ್ನೆ ದೊಡ್ಡದಿತ್ತು. ಬೇರೆ ಕಾಲೇಜುಗಳಲ್ಲೂ ಹೊರದೇಶದ ಆಟಗಾರರಿದ್ದಾರೆ, ಯುರೋಪಿನ ಬಿಳಿಯರೂ ಇದ್ದಾರೆ, ನಮ್ಮ ಹುಡುಗರು ಮಾತ್ರ ಯಾಕೆ ಕಣ್ಣಿಗೆ ಬಿದ್ದರು ಅಂತ ಫಿಲಿಪ್ಸ್ ಮತ್ತು ಅವರ ಆಟಗಾರರು ಬಹಿರಂಗವಾಗಿ ಕೇಳಿದರು. 1973ರಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶ ಗೆಸೆಲ್ ತೀರ್ಪು ಕೊಟ್ಟರು. ವಿದೇಶಿ ವಿದ್ಯಾರ್ಥಿ ನಿಯಮ ಸಮಾನತೆಗೆ ವಿರೋಧ, ಸಂವಿಧಾನಕ್ಕೆ ವಿರೋಧ, ಅದು ಬಿದ್ದುಹೋಗಲಿ ಅಂದರು. ಉಳಿದ ಎರಡು ನಿಯಮ ಸರಿ ಇವೆ ಅಂದರು. ಹಾಗಾಗಿ ಶಿಕ್ಷೆ ಉಳಿಯಿತು. 1975ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇನ್ನೊಂದು ತಮಾಷೆ ಕೇಳಿ. ಆ 1.600 ನಿಯಮವನ್ನು ಎನ್.ಸಿ.ಎ.ಎ. ತಾನೇ 1973ರಲ್ಲಿ ಕಿತ್ತುಹಾಕಿತ್ತು. ನಿಯಮ ಸತ್ತುಹೋಗಿತ್ತು, ಅದರ ಶಿಕ್ಷೆ ಬದುಕಿತ್ತು.

ಇಲ್ಲಿ ನಾವು ಒಂದು ವಿಷಯ ನೇರವಾಗಿ ಹೇಳಬೇಕು. ಹೋವರ್ಡ್ ಕಡೆ ಒಂದೂ ತಪ್ಪಿರಲಿಲ್ಲ, ಎಲ್ಲಾ ಬಿಳಿಯರ ಸಂಚು ಅಂತ ಬರೆದುಬಿಟ್ಟರೆ ಓದುವವರಿಗೆ ರೋಷ ಬರಬಹುದು, ಸತ್ಯ ಆಗಲ್ಲ. ಎರಡು ನಿಯಮ ಮುರಿದದ್ದನ್ನು ಕೋರ್ಟು ಒಪ್ಪಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ 1978ರಲ್ಲಿ ಗೆದ್ದ ಇದೇ ಪ್ರಶಸ್ತಿಯನ್ನೂ ರದ್ದು ಮಾಡಿದರು, ಅದು ಕಪ್ಪು ಜನರ ಕಾಲೇಜಲ್ಲ. ಇಷ್ಟೆಲ್ಲಾ ಒಪ್ಪಿದ ಮೇಲೂ ನಮ್ಮ ಪ್ರಶ್ನೆ ಉಳಿಯುತ್ತದೆ. ಮೂರು ಕಾಲಿನ ಮೇಲೆ ನಿಲ್ಲಿಸಿದ ಆರೋಪದಲ್ಲಿ ಒಂದು ಕಾಲು ಅನ್ಯಾಯದ್ದು ಅಂತ ಕೋರ್ಟೇ ಹೇಳಿತಲ್ಲ. ಆ ಅನ್ಯಾಯಕ್ಕೆ ಯಾರು ಏನು ಕೊಟ್ಟರು? ಕಪ್ ಹಿಂದಕ್ಕೆ ಬರಲಿಲ್ಲ. ಒಂದು ವರ್ಷ ಆಡದೇ ಕಳೆದುಕೊಂಡ ಹುಡುಗರಿಗೆ ಆ ವರ್ಷ ಹಿಂದಕ್ಕೆ ಬರಲಿಲ್ಲ.

'ಹೊರದೇಶದವರು' ಅನ್ನುವ ದೂರಿನ ಬಗ್ಗೆಯೂ ಒಂದು ಮಾತು. ಸೇಂಟ್ ಲೂಯಿಸ್ ತಂಡದ ಕೋಚ್ ಹ್ಯಾರಿ ಕಿಯೋ, ಪೋಸ್ಟ್ ಆಫೀಸಿನಲ್ಲಿ ದುಡಿಯುತ್ತಲೇ ಐದು ಪ್ರಶಸ್ತಿ ಗೆಲ್ಲಿಸಿಕೊಟ್ಟ ಒಳ್ಳೆಯ ಕೋಚ್, ಅವರ ಮೇಲೆ ನಮಗೇನೂ ಸಿಟ್ಟಿಲ್ಲ. ಅವರು ಆಟಗಾರರಾಗಿ ಹೆಸರು ಮಾಡಿದ್ದು 1950ರ ವಿಶ್ವಕಪ್‌ನಲ್ಲಿ, ಅಮೆರಿಕಾ ತಂಡ ಇಂಗ್ಲೆಂಡನ್ನು 1-0ಯಿಂದ ಸೋಲಿಸಿದ ಪಂದ್ಯದಲ್ಲಿ. ಅಮೆರಿಕನ್ನರು ಇವತ್ತಿಗೂ ಎದೆಯುಬ್ಬಿಸಿ ಹೇಳುವ ಗೆಲುವು ಅದು. ಆ ಒಂದು ಗೋಲು ಹೊಡೆದವನು ಜೋ ಗೇಜೆನ್ಸ್, ಹೈಟಿ ದ್ವೀಪದವನು, ಓದಲು ನ್ಯೂಯಾರ್ಕಿಗೆ ಬಂದಿದ್ದವನು, ಅಮೆರಿಕದ ಪ್ರಜೆಯೂ ಆಗಿರಲಿಲ್ಲ. ದೇಶಕ್ಕೆ ಗೋಲು ಬೇಕಾದಾಗ ದ್ವೀಪದ ಹುಡುಗ ನಮ್ಮವನು.

ಈಗ ಫಿಲಿಪ್ಸ್ ಏನು ಮಾಡಿದರು ಅನ್ನೋದಕ್ಕೆ ಬರೋಣ. ನಮಗೆ ಅವರು ಮುಖ್ಯ ಅನ್ನಿಸುವುದು 1971ರ ಗೆಲುವಿಗಿಂತ ಆಮೇಲಿನ ಮೂರು ವರ್ಷಕ್ಕೆ. ಕಪ್ ಕಿತ್ತುಕೊಂಡ ಮೇಲೆ ತಂಡ ಒಡೆದುಹೋಗುವುದು ಸಹಜ. ಹುಡುಗರು ಕಹಿಯಾಗುತ್ತಾರೆ, 'ಏನ್ ಮಾಡಿದ್ರೂ ಅಷ್ಟೇ ಬಿಡಿ' ಅಂತ ಕೈ ಚೆಲ್ಲುತ್ತಾರೆ. ನಮ್ಮ ಕೇರಿಗಳಲ್ಲಿ, ಹಾಸ್ಟೆಲುಗಳಲ್ಲಿ ಈ ಮಾತು ನಾವು ದಿನಾ ಕೇಳುತ್ತೇವೆ. ಒಂದು ಇಂಟರ್‌ವ್ಯೂನಲ್ಲಿ ಬಿದ್ದುಹೋದವನು, ಒಂದು ಸೀಟು ತಪ್ಪಿದವಳು ಇದನ್ನೇ ಹೇಳುತ್ತಾ ಊರಿಗೆ ಹೋಗಿಬಿಡುತ್ತಾರೆ. ಫಿಲಿಪ್ಸ್ ಹುಡುಗರನ್ನು ಹಾಗೆ ಹೋಗಲು ಬಿಡಲಿಲ್ಲ. ಸತ್ಯವನ್ನು ತುಳಿದರೂ ಅದು ಏಳುತ್ತದೆ ಅನ್ನುವ ಅರ್ಥದ ಹಳೇ ಕಾವ್ಯದ ಮಾತೊಂದನ್ನು ತಂಡದ ಘೋಷಣೆ ಮಾಡಿದರು. ಮತ್ತೆ ಮೊದಲಿನಿಂದ ಕಟ್ಟಿದರು. ಅವರು ಹೋಗಬೇಕಾಗಿದ್ದ ಜಾಗ ಒಂದೇ: ಕಿತ್ತುಕೊಂಡವರು ಇನ್ನೊಮ್ಮೆ ಕಿತ್ತುಕೊಳ್ಳಲಾಗದ ಹಾಗೆ ಅದೇ ಕಪ್ ಹತ್ತಿರ.

1974. ಹೋವರ್ಡ್ 19 ಪಂದ್ಯ ಆಡಿ 19ನ್ನೂ ಗೆದ್ದಿತು. ಹೊಡೆದ ಗೋಲು 63, ಬಿಟ್ಟುಕೊಟ್ಟದ್ದು 6. ಫೈನಲ್ ಇದ್ದದ್ದು ಸೇಂಟ್ ಲೂಯಿಸ್ ನಗರದಲ್ಲಿ, ಬುಶ್ ಸ್ಟೇಡಿಯಂನಲ್ಲಿ. ಎದುರಾಳಿ ಮತ್ತೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. ನಡುವಿನ 1972, 1973 ಎರಡೂ ವರ್ಷ ಅವರೇ ಚಾಂಪಿಯನ್. ಅವರ ಊರು, ಅವರ ಜನ, ಚಳಿಗಾಲದ ಡಿಸೆಂಬರ್. ಬಿಸಿಲ ನಾಡುಗಳಿಂದ ಬಂದ ಹುಡುಗರು ಇವರು. ಪೂರ್ತಿ ಸಮಯ ಮುಗಿದಾಗ 1-1. ಹೆಚ್ಚುವರಿ ಆಟ ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ ನೈಜೀರಿಯಾದ ಕೆನೆತ್ ಇಲೋಡಿಗ್ವೆ ಹೊಡೆದ ಗೋಲಿನಿಂದ 2-1. ಮೊದಲ ಗೋಲು ರಿಚರ್ಡ್ ಡೇವಿಯದು. ಈ ಸಲ ಯಾವ ಕಡತವೂ ಬಿಚ್ಚಲಿಲ್ಲ. ಕಾಗದ ಪತ್ರ ಎಲ್ಲಾ ಸರಿಯಾಗಿತ್ತು.

ಕೊನೆಯ ಈ ಮಾತನ್ನು ನಮ್ಮ ಹುಡುಗರು ತಮಾಷೆ ಅಂದುಕೊಳ್ಳಬಾರದು. 'ಅವರ ಕಾನೂನು ನಾವ್ಯಾಕೆ ಓದಬೇಕು' ಅನ್ನುವ ಒಂದು ಥರದ ಧೀರತನ ನಮ್ಮ ಕೆಲವು ಸಂಗಾತಿಗಳಲ್ಲಿ ಇದೆ. ನಾವು ಅದನ್ನು ಒಪ್ಪಲ್ಲ. ಕೆಟ್ಟ ಕಾನೂನನ್ನು ಕೋರ್ಟಿನಲ್ಲಿ ಕೆಡವಬೇಕು, ಬೀದಿಯಲ್ಲಿ ಪ್ರಶ್ನೆ ಮಾಡಬೇಕು. ಅದಾಗುವ ತನಕ ಅದರ ಅಕ್ಷರ ಅಕ್ಷರ ನಮಗೆ ಗೊತ್ತಿರಬೇಕು. ಹೋವರ್ಡ್‌ನವರು ಒಂದು ಕೈಯಲ್ಲಿ ಮೊಕದ್ದಮೆ ಹಿಡಿದರು, ಇನ್ನೊಂದು ಕೈಯಲ್ಲಿ ಸರಿಯಾದ ಕಾಗದ ಹಿಡಿದು ಮೈದಾನಕ್ಕೆ ಇಳಿದರು. ಬಾಬಾಸಾಹೇಬರ ದಾರಿಯೂ ಇದೇ ಆಗಿತ್ತು ಅಂತ ನೆನಪು ಮಾಡಿದರೆ ಸಾಕು.

'ಮೈದಾನದಲ್ಲಿ ಜಾತಿ ಇಲ್ಲ' ಅನ್ನುವವರಿಗೆ ನಮ್ಮ ನಾಡಿನದೇ ಒಂದು ಉದಾಹರಣೆ ಕೊಡಬಹುದು. ಪಾಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ ಕೆಲಸ ಮಾಡುತ್ತಾ, ಅವರಿಗೆ ಬೌಲಿಂಗ್ ಮಾಡುತ್ತಾ ದೇಶದ ದೊಡ್ಡ ಎಡಗೈ ಸ್ಪಿನ್ನರ್ ಆದರು. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ 114 ವಿಕೆಟ್ ತೆಗೆದರು. ಹಿಂದೂಗಳ ತಂಡಕ್ಕೆ ಅವರ ಎಡಗೈ ಬೇಕಿತ್ತು. ಟೀ ಬಿಡುವಿನಲ್ಲಿ ಮಾತ್ರ ಅದೇ ತಂಡದವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿಯುವಾಗ ಬಾಲೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಅವರನ್ನು ಕ್ಯಾಪ್ಟನ್ ಮಾಡಲೇ ಇಲ್ಲ. ಜಗಳ, ಪ್ರತಿಭಟನೆ ಎಲ್ಲಾ ಆದ ಮೇಲೆ 1923ರಲ್ಲಿ ಅವರ ತಮ್ಮ ವಿಠಲ್ ಕ್ಯಾಪ್ಟನ್ ಆದರು. ಅಲ್ಲಿ ಕಪ್ ಕಿತ್ತುಕೊಂಡರು, ಇಲ್ಲಿ ಕಪ್ಪೇ ಬೇರೆ ಇಟ್ಟರು.

ಫುಟ್ಬಾಲೂ ನಮಗೆ ಹೊಸದಲ್ಲ. ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರಿನ ಪಕ್ಕದ ಗೌತಮಪುರದಂಥ ಕಡೆ ದುಡಿಯುವ ಜನರ ಮಕ್ಕಳು ಬರಿಗಾಲಿನಲ್ಲಿ ಆಡಿ ಬೆಳೆದ ಆಟ ಇದು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು, ಮತ್ತೆ ಕರ್ನಾಟಕವಾಗಿ ಅದನ್ನು ಗೆಲ್ಲಲು 2022-23ರ ತನಕ ಕಾಯಬೇಕಾಯಿತು. ನಡುವಿನ 54 ವರ್ಷದಲ್ಲಿ ಎಷ್ಟು ಮೈದಾನಗಳು ಕಟ್ಟಡಗಳಾದವು, ಯಾರ ಮಕ್ಕಳ ಕಾಲಿನಿಂದ ಚೆಂಡು ತಪ್ಪಿತು ಅನ್ನೋದನ್ನು ಯಾರಾದರೂ ಕೂತು ಬರೆಯಬೇಕು.

ಫಿಲಿಪ್ಸ್ 1980ರ ತನಕ ಹೋವರ್ಡ್‌ನಲ್ಲಿ ಇದ್ದರು. ಅವರ ಲೆಕ್ಕ ಹೀಗಿದೆ: ಗೆದ್ದದ್ದು 116, ಸೋತದ್ದು 19, ಸಮ 11. ಆಮೇಲೆ ಗೋಲ್‌ಕೀಪರುಗಳಿಗೆ ತರಬೇತಿ ಕೊಟ್ಟರು, ಅಮೆರಿಕದಲ್ಲಿ ಕೋಚ್‌ಗಳಿಗೆ ಪಾಠ ಹೇಳಿದರು, ತಮ್ಮ ದೇಶ ಟ್ರಿನಿಡಾಡ್‌ನ ಫುಟ್ಬಾಲ್ ಸಂಸ್ಥೆಗೆ ತಾಂತ್ರಿಕ ನಿರ್ದೇಶಕರಾಗಿ ದುಡಿದರು. 2014ರಲ್ಲಿ ಆತ್ಮಕಥೆ ಬರೆದರು. ಅವರು ಬಿಟ್ಟುಹೋದ ಮೇಲೂ ಆ ಹಾದಿ ಮುಚ್ಚಲಿಲ್ಲ. 1988ರಲ್ಲಿ ಹೋವರ್ಡ್ ಮತ್ತೆ ಫೈನಲ್ ತನಕ ಹೋಗಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1-0ಯಿಂದ ಸೋತಿತು. ಆ ತಂಡದ ಗೋಲಿನಲ್ಲಿ ನಿಂತಿದ್ದ ಶಾಕಾ ಹಿಸ್ಲಪ್ ಅನ್ನುವ ಹುಡುಗ, ಮುಂದೆ 2006ರಲ್ಲಿ ಟ್ರಿನಿಡಾಡ್ ಮೊದಲ ಸಲ ವಿಶ್ವಕಪ್ ಆಡಿದಾಗ ಸ್ವೀಡನ್ನಿಗೆ ಒಂದೂ ಗೋಲು ಕೊಡದೆ ನಿಂತ. ಆತ ಇಂಗ್ಲೆಂಡಿನಲ್ಲಿ ಆಡುವಾಗ ಬಣ್ಣಭೇದದ ವಿರುದ್ಧ ಶಾಲೆಶಾಲೆಗೆ ಹೋಗಿ ಮಾತಾಡಿದವನು ಕೂಡಾ.

ಎನ್.ಸಿ.ಎ.ಎ. ದಾಖಲೆ ಪುಸ್ತಕದಲ್ಲಿ 1971ರ ಸಾಲಿನಲ್ಲಿ ಇವತ್ತಿಗೂ 'ರದ್ದು' ಅಂತಲೇ ಇದೆ. ಸೋತ ಸೇಂಟ್ ಲೂಯಿಸ್‌ಗೂ ಅದನ್ನು ಕೊಡಲಿಲ್ಲ. 1974ರ ಸಾಲಿನಲ್ಲಿ ಹೋವರ್ಡ್ ಹೆಸರು ಇದೆ.

ಈ ಪತ್ರಿಕೆ ಓದುವ ಹಾಸ್ಟೆಲಿನ ಗೆಳೆಯರು, ಗೆಳತಿಯರು ಮೂರು ವಿಷಯ ತಿಳಿದು ನಮಗೆ ಬರೆಯಬೇಕು. ನಿಮ್ಮ ಹಾಸ್ಟೆಲಿಗೆ ಆಟದ ಸಾಮಾನಿಗೆ ಅಂತ ದುಡ್ಡು ಬರುತ್ತದಾ, ಬಂದರೆ ಎಷ್ಟು, ಎಲ್ಲಿ ಹೋಗುತ್ತದೆ? ನಿಮ್ಮ ಕಾಲೇಜು ತಂಡಕ್ಕೆ ಆಯ್ಕೆ ಮಾಡುವ ನಿಯಮ ಬರಹದಲ್ಲಿ ಇದೆಯಾ, ನೋಟಿಸ್ ಬೋರ್ಡಿಗೆ ಹಾಕುತ್ತಾರಾ? ಹುಡುಗಿಯರ ಹಾಸ್ಟೆಲಿನವರಿಗೆ ಸಂಜೆ ಆರರ ಮುಂಚೆ ಆಡಲು ಒಂದು ಅಂಗೈ ಅಗಲ ಜಾಗವಾದರೂ ಇದೆಯಾ? ಹುಡುಗಿಯರ ಹಾಸ್ಟೆಲುಗಳಿಂದ ಇದುವರೆಗೂ ಒಂದು ಕಾಗದವೂ ನಮಗೆ ಬಂದಿಲ್ಲ. ಮುಂದಿನ ಸಂಚಿಕೆಗೆ ಅವರದೇ ಮೊದಲು ಹಾಕುತ್ತೇವೆ.